ಫ್ರಾನ್ಸ್‌ನಲ್ಲಿ ಒಂದೇ ಒಂದು ದೊಡ್ಡ ಊಟ: ಮದುವೆ ಅಡುಗೆ ಮಾಡಿದ ಅಪ್ಪನನ್ನು ಎಲ್ಲಿಗೆ ಕರೆದುಕೊಂಡು ಹೋಗಲಿ?

ಶಿವಮೊಗ್ಗದ_ಮಗಳು (ಜುಲೈ 29, 2025)

ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರ್ ಕೊನೆಗೆ ಅಪ್ಪ, ಅಮ್ಮನ ಜೊತೆ ಹತ್ತು ದಿನ ಫ್ರಾನ್ಸ್‌ಗೆ ಹೊರಟಿದ್ದೇನೆ. ಪ್ಯಾರಿಸ್‌ನಲ್ಲಿ ಆರು ದಿನ, ಲಿಯೋನ್‌ನಲ್ಲಿ ನಾಲ್ಕು ದಿನ.

ಅಪ್ಪ 33 ವರ್ಷ ಮದುವೆ, ಉಪನಯನದ ಅಡುಗೆ ಮಾಡಿದವರು. ಸಾವಿರ ಎಲೆಯ ಊಟಕ್ಕೂ ನಿಂತಿದ್ದಾರೆ. ಹೋದ ವರ್ಷ ಮಂಡಿನೋವು ಜಾಸ್ತಿಯಾಗಿ ಕೆಲಸ ಬಿಟ್ಟರು. ಅವರು ನೆಮ್ಮದಿಯಾಗಿ ಕೂತು ಉಂಡಿದ್ದನ್ನು ನಾನು ನೋಡಿದ್ದು ಕಡಿಮೆ. ಎಲ್ಲರದೂ ಆದ ಮೇಲೆ ಕಡೇ ಪಂಕ್ತಿಯಲ್ಲಿ ಎರಡು ತುತ್ತು ಅನ್ನ, ಮಜ್ಜಿಗೆ. ಅಷ್ಟರಲ್ಲಿ ಯಾರಾದರೂ ಕರೆಯುತ್ತಾರೆ, ಎದ್ದು ಪಾತ್ರೆ ಲೆಕ್ಕ ನೋಡಲು ಹೋಗುತ್ತಾರೆ. ಜಗತ್ತಿನಲ್ಲೇ ಒಳ್ಳೆಯದು ಅಂತ ಹೆಸರಾದ ಒಂದು ಅಡುಗೆಮನೆಯ ಊಟಕ್ಕೆ ಅವರನ್ನು ಒಂದು ಸಲ ಕೂರಿಸಬೇಕು. ಇದು ನನ್ನ ಆಸೆ.

ತೊಂದರೆ ಏನೆಂದರೆ ನಾವು ಮೂವರೂ ಸಸ್ಯಾಹಾರಿಗಳು. ಮೊಟ್ಟೆಯೂ ಇಲ್ಲ. ಈರುಳ್ಳಿ, ಬೆಳ್ಳುಳ್ಳಿ ಆಗುತ್ತದೆ. ಅಮ್ಮನಿಗೆ ಶುಗರ್ ಇದೆ, ಹೊತ್ತು ಮೀರಿದರೆ ಕಷ್ಟ. ಮೂವರಿಗೂ ಸೇರಿ 80 ಸಾವಿರ ರೂಪಾಯಿ ಎತ್ತಿಟ್ಟಿದ್ದೇನೆ. ಮಿಷಲಿನ್ ಸ್ಟಾರ್ (ಮಿಷಲಿನ್ ಗೈಡ್ ಅನ್ನುವ ಪುಸ್ತಕ ಒಳ್ಳೆಯ ಊಟದ ಹೋಟೆಲ್‌ಗಳಿಗೆ ಕೊಡುವ ದರ್ಜೆ) ಇರುವ ಕಡೆ ಹೋಗಬೇಕಾ? ಒಂದು ಸ್ಟಾರ್ ಸಾಕಾ, ಮೂರೇ ಬೇಕಾ? ಹೋಗಿ ಬಂದವರು ದಯವಿಟ್ಟು ಹೇಳಿ.

ದಕ್ಷಿಣಪಥ

ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಈ ದುಡ್ಡು ಅಲ್ಲಿ ಸುರಿಯಬೇಡಿ.

2023ರಲ್ಲಿ ನಾನು, ನನ್ನ ಹೆಂಡತಿ ದಕ್ಷಿಣ ಫ್ರಾನ್ಸ್‌ನ ಒಂದು ಸ್ಟಾರ್ ಹೋಟೆಲ್‌ಗೆ ಹೋಗಿದ್ದೆವು. ಬುಕ್ ಮಾಡುವಾಗಲೇ ವೆಜಿಟೇರಿಯನ್ ಅಂತ ಬರೆದಿದ್ದೆ. ಮೊದಲು ಕುಂಬಳಕಾಯಿ ಸೂಪ್ ಬಂತು. ತುಂಬಾ ರುಚಿಯಾಗಿತ್ತು. ಮೂರನೇ ಚಮಚ ಬಾಯಿಗಿಡುವಾಗ ನನಗೇ ಏನೋ ಅನುಮಾನ ಬಂತು. ಇದರಲ್ಲಿ ಏನೇನು ಹಾಕಿದ್ದೀರಿ ಅಂತ ಕೇಳಿದೆ. ಬಡಿಸುವ ಹುಡುಗ ನಗುನಗುತ್ತಾ ಹೇಳಿದ: ಕುಂಬಳಕಾಯಿ, ಕ್ರೀಮ್, ಕೋಳಿ ಬೇಯಿಸಿದ ನೀರು. ಅವನಿಗೆ ಅದು ಮಾಂಸವೇ ಅಲ್ಲ. ಹೆಂಡತಿ ಚಮಚ ಕೆಳಗಿಟ್ಟಳು. ಆಮೇಲೆ ಬಂದ ಯಾವುದನ್ನೂ ಅವಳು ಮುಟ್ಟಲಿಲ್ಲ. ಬಿಲ್ ಮಾತ್ರ ಪೂರ್ತಿ ಕಟ್ಟಿದೆವು.

ಪ್ಯಾರಿಸ್‌ನಲ್ಲಿ ಬೆಳಿಗ್ಗೆ ಬೇಕರಿಗೆ ಹೋಗಿ. ಬಿಸಿ ಬಗೆಟ್ ತಗೊಳ್ಳಿ. ಸಂತೆಯಲ್ಲಿ ಟೊಮ್ಯಾಟೊ, ಅಂಜೂರ, ಆಲಿವ್ ತಗೊಳ್ಳಿ. ಸೇನ್ ನದಿ ದಂಡೆಯಲ್ಲಿ ಕೂತು ತಿನ್ನಿ. ನಿಮ್ಮ ತಂದೆಗೆ ಆ ಬ್ರೆಡ್ಡಿನ ಕೈಗುಣ ಖಂಡಿತ ಅರ್ಥವಾಗುತ್ತದೆ. ಹಿಟ್ಟು, ನೀರು, ಉಪ್ಪು, ಯೀಸ್ಟ್, ಮುಖ್ಯವಾಗಿ ಅಷ್ಟೇ. ‘ತ್ರಾದಿಸ್ಯೋಂ’ ಅಂತ ಹೆಸರಿಟ್ಟು ಮಾರುವ ಬಗೆಟ್‌ಗೆ ಏನು ಹಾಕಬೇಕು, ಏನು ಹಾಕಬಾರದು ಅಂತ 1993ರಿಂದ ಸರ್ಕಾರದ ಆದೇಶವೇ ಇದೆ.

ಲಿಯೋನ್_ವಾಸಿ

ದಕ್ಷಿಣಪಥ ಸರ್, ನಿಮ್ಮವರಿಗೆ ಆಗಿದ್ದು ಓದಿ ಹೊಟ್ಟೆ ಉರಿಯಿತು. ಆದರೆ ಅದಕ್ಕೆ ಊಟವನ್ನೇ ಬಿಡಿ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಾನು ಇಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಸಸ್ಯಾಹಾರಿ.

ಇಲ್ಲಿ ವೆಜಿಟೇರಿಯನ್ ಅಂದರೆ ತಟ್ಟೆಯಲ್ಲಿ ಮಾಂಸದ ತುಂಡು ಕಾಣಬಾರದು ಅಂತ ಎಷ್ಟೋ ಜನ ತಿಳಿದಿದ್ದಾರೆ. ಫ್ರೆಂಚ್ ಅಡುಗೆ ನಿಂತಿರುವುದೇ ‘ಫೋಂ’ ಮೇಲೆ. ಕರುವಿನ ಮೂಳೆ, ಕೋಳಿ ಮೂಳೆ, ಮೀನಿನ ಮೂಳೆಯನ್ನು ಗಂಟೆಗಟ್ಟಲೆ ಕುದಿಸಿ ಬಸಿದ ರಸ ಅದು. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಹೇಗೋ ಅವರಿಗೆ ಅದು ಹಾಗೆ. ಸಾಸ್, ಸೂಪ್, ಬೇಯಿಸಿದ ತರಕಾರಿ, ಎಲ್ಲದರೊಳಗೂ ಸೇರಿರುತ್ತದೆ. ಸಿಹಿಯಲ್ಲಿ ಜೆಲಟಿನ್ ಇರುತ್ತದೆ, ಅದು ಹಂದಿಯದೋ ಮೀನಿನದೋ. ಪಫ್ ಹಿಟ್ಟಿನೊಳಗೆ ಮೊಟ್ಟೆ ಇಲ್ಲದಿದ್ದರೂ ಮೇಲೆ ಹೊಳಪಿಗೆ ಅಂತ ಹಚ್ಚಿರುತ್ತಾರೆ. ಚೀಸ್ ಕೂಡ ಕೇಳಿ ತಿನ್ನಿ. ಕೊಂತೆ, ರೋಕ್‌ಫೋರ್ ಇವೆಲ್ಲ ಎಳೆಯ ಪ್ರಾಣಿಯ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕಿ ಹೆಪ್ಪು ಕಟ್ಟಿಸಿದವು.

ಹಾಗಾಗಿ ಬರೀ ‘ವೆಜಿಟೇರಿಯನ್’ ಅಂತ ಬರೆದರೆ ಸಾಲದು. ಒಂದೊಂದನ್ನೂ ಬಿಡಿಸಿ ಬರೆಯಬೇಕು: ಮಾಂಸ ಇಲ್ಲ (ಸಾಂ ವಿಯಾಂದ್), ಮೀನು ಇಲ್ಲ (ಸಾಂ ಪ್ವಾಸೋಂ), ಮೊಟ್ಟೆ ಇಲ್ಲ, ಮಾಂಸದ ಬುಯೋಂ (ಬೇಯಿಸಿದ ರಸ) ಇಲ್ಲ, ಜೆಲಟಿನ್ ಇಲ್ಲ. ಏನು ಆಗುತ್ತದೆ ಅನ್ನುವುದನ್ನೂ ಬರೆಯಿರಿ. ಹಾಲು, ಬೆಣ್ಣೆ, ಬೇಳೆಕಾಳು, ಅಣಬೆ, ಈರುಳ್ಳಿ ಎಲ್ಲ ಆಗುತ್ತದೆ ಅಂದರೆ ಅಡುಗೆಯವರಿಗೂ ದಾರಿ ಸಿಗುತ್ತದೆ. ಮೂರು ವಾರ ಮುಂಚೆ ಇಮೇಲ್ ಮಾಡಿ. ಎರಡು ದಿನ ಇರುವಾಗ ಫೋನ್ ಮಾಡಿ ಮತ್ತೆ ನೆನಪಿಸಿ. ಹೋಗಿ ಕೂತಾಗ ಮೂರನೇ ಸಲ ಹೇಳಿ. ಇಲ್ಲಿ ಯಾರೂ ಅದನ್ನು ತಪ್ಪು ತಿಳಿಯುವುದಿಲ್ಲ.

ಇನ್ನು ಲಿಯೋನ್. ಊಟದ ರಾಜಧಾನಿ ಅಂತ ಹೆಸರು ಪಡೆದ ಊರು ಇದು. ಯೂಜೆನಿ ಬ್ರಾಜಿಯೆ ಅನ್ನುವ ಹೆಣ್ಣುಮಗಳು 1933ರಲ್ಲಿ ತನ್ನ ಎರಡು ಹೋಟೆಲ್‌ಗಳಿಗೂ ಒಟ್ಟಿಗೆ ಮೂರು ಮೂರು ಸ್ಟಾರ್ ಪಡೆದದ್ದು ಇಲ್ಲೇ. ಒಂದು ಊರೊಳಗೆ, ಇನ್ನೊಂದು ಲುಯೇರ್ ಗುಡ್ಡದ ಮೇಲೆ. ಫ್ರಾನ್ಸ್‌ನ ದೊಡ್ಡ ಬಾಣಸಿಗ ಪಾಲ್ ಬೊಕ್ಯೂಸ್ ಕೆಲಸ ಕಲಿತದ್ದು ಆಕೆಯ ಹತ್ತಿರ. ಬೊಕ್ಯೂಸ್ ಅವರ ಹೋಟೆಲ್ ಊರ ಹೊರಗೆ ಕೊಲೋಂಜ್‌ನಲ್ಲಿದೆ. 1965ರಿಂದ 2020ರವರೆಗೆ ಮೂರು ಸ್ಟಾರ್ ಇತ್ತು. ಅವರು ತೀರಿಕೊಂಡು ಎರಡು ವರ್ಷಕ್ಕೆ ಒಂದು ಹೋಯಿತು. ಅಲ್ಲಿನ ಹೆಸರಾಂತ ಟ್ರಫಲ್ (ನೆಲದಡಿ ಬೆಳೆಯುವ ಅಣಬೆ) ಸೂಪ್ 1975ರಲ್ಲಿ ಫ್ರಾನ್ಸ್ ಅಧ್ಯಕ್ಷರ ಅರಮನೆಯ ಔತಣಕ್ಕೆ ಮಾಡಿದ್ದು. ಬಟ್ಟಲಿನ ಬಾಯಿಗೆ ಪಫ್ ಹಿಟ್ಟು ಮುಚ್ಚಿ ಉಬ್ಬಿಸಿರುತ್ತಾರೆ. ಚಮಚದಲ್ಲಿ ಒಡೆದರೆ ಹಬೆ ಮುಖಕ್ಕೆ ಬರುತ್ತದೆ. ಆದರೆ ಒಳಗಿರುವುದು ಮಾಂಸದ ರಸ. ನಿಮಗಾಗದು. ಬುಶೋಂ ಅನ್ನುವ ಇಲ್ಲಿನ ಹಳೇ ಊಟದ ಮನೆಗಳಲ್ಲೂ ಕರುಳು, ಹೊಟ್ಟೆ, ಮೀನಿನ ಕೆನೆಲ್ (ಉಂಡೆ) ಇವೇ ಮುಖ್ಯ. ನಿಮ್ಮ ದೊಡ್ಡ ಊಟ ಪ್ಯಾರಿಸ್‌ನಲ್ಲೇ ಆಗಲಿ ಅನ್ನುತ್ತೇನೆ ಅಕ್ಕ.

ಹೋಟೆಲ್_ಮನುಷ್ಯ

ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ 19 ವರ್ಷ ಅಡುಗೆಮನೆಯಲ್ಲೇ ಇದ್ದೇನೆ. ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ನಮ್ಮ ಕಡೆ ಮದುವೆ ಅಡುಗೆಯವರನ್ನು ಕೂರಿಸಿ ಉಣಿಸಬೇಕು ಅಂತ ಯಾರು ಯೋಚಿಸುತ್ತಾರೆ?

ಮೊದಲು ಸ್ಟಾರ್ ವಿಷಯ. ಮಿಷಲಿನ್ ಅಂದರೆ ಅದೇ ಟೈರ್ ಕಂಪನಿ. 1900ರಲ್ಲಿ ಕಾರು ಓಡಿಸುವವರಿಗೆ ಅಂತ ಪುಕ್ಕಟೆ ಪುಸ್ತಕ ಹಂಚಿದರು. ಜನ ಜಾಸ್ತಿ ಓಡಾಡಿದರೆ ಟೈರ್ ಜಾಸ್ತಿ ಸವೆಯುತ್ತದಲ್ವಾ? ಸ್ಟಾರ್ ಬಂದದ್ದು 1926ರಲ್ಲಿ. ಎರಡು, ಮೂರು ಸ್ಟಾರ್ 1931ರಿಂದ. ಅದರ ಅರ್ಥವೂ ಪ್ರಯಾಣದ ಲೆಕ್ಕದ್ದೇ: ಒಂದಾದರೆ ಇಳಿದು ಊಟ ಮಾಡಬಹುದು, ಎರಡಾದರೆ ದಾರಿ ಬಳಸಿಕೊಂಡಾದರೂ ಹೋಗಬಹುದು, ಮೂರಾದರೆ ಆ ಊಟಕ್ಕೆಂದೇ ಊರು ಬಿಟ್ಟು ಹೋಗಬಹುದು. ಸ್ಟಾರ್ ಕೊಡುವುದು ತಟ್ಟೆಯಲ್ಲಿರುವುದಕ್ಕೆ ಮಾತ್ರ. ಕುರ್ಚಿ, ದೀಪ, ಬೆಳ್ಳಿ ಚಮಚಕ್ಕಲ್ಲ.

ನಿಮ್ಮ ವಿಷಯಕ್ಕೆ ಬಂದರೆ ಸ್ಟಾರ್ ಎಷ್ಟು ಅಂತ ನೋಡುವುದಕ್ಕಿಂತ ತರಕಾರಿ ಮೇಲೆ ಅಲ್ಲಿನ ಅಡುಗೆಯವರಿಗೆ ಎಷ್ಟು ಪ್ರೀತಿ ಇದೆ ಅಂತ ನೋಡಿ. ಮಾಂಸದ ಅಡುಗೆಮನೆಯಲ್ಲಿ ಸಸ್ಯಾಹಾರಿಗೆ ಅಂತ ಒಂದು ಮೆನು ಮಾಡಿದರೆ ಎಷ್ಟೋ ಸಲ ಮಾಂಸ ತೆಗೆದ ತಟ್ಟೆಯೇ ಬರುತ್ತದೆ. ಪಲ್ಯ ಇದೆ, ಅನ್ನ ಇಲ್ಲ ಅನ್ನುವ ಹಾಗೆ.

ನಾನು ಹೇಳುವ ಹೆಸರು ಒಂದೇ. ಪ್ಯಾರಿಸ್‌ನ ವರೆನ್ ರಸ್ತೆಯ ಲಾರ್ಪೆಜ್. ರೋಡಾನ್ ಮ್ಯೂಸಿಯಂ ಪಕ್ಕದಲ್ಲೇ. ಅಲೇನ್ ಪಸಾರ್ ಅವರದು. 1986ರಲ್ಲಿ ತಮ್ಮ ಗುರುವಿನಿಂದ ಆ ಜಾಗ ಕೊಂಡರು. 1996ರಿಂದ ಮೂರು ಸ್ಟಾರ್. ಮಾಂಸ ಸುಡುವುದರಲ್ಲಿ ಎತ್ತಿದ ಕೈ ಅನ್ನಿಸಿಕೊಂಡವರು 2001ರಲ್ಲಿ ಕೆಂಪು ಮಾಂಸವನ್ನೇ ಮೆನುವಿನಿಂದ ತೆಗೆದರು. ತರಕಾರಿಗೆ ಅಂತ ಸ್ವಂತ ತೋಟಗಳನ್ನು ಮಾಡಿದರು. ಎಲ್ಲರೂ ಸ್ಟಾರ್ ಹೋಗುತ್ತದೆ ಅಂದುಕೊಂಡರು. ಹೋಗಲಿಲ್ಲ. ಈಗ ಇದೇ ತಿಂಗಳು ಇನ್ನೂ ಮುಂದೆ ಹೋಗಿದ್ದಾರೆ: ಮೀನು, ಮೊಟ್ಟೆ, ಹಾಲು, ಬೆಣ್ಣೆ ಎಲ್ಲ ಬಂದ್. ಪೂರ್ತಿ ಗಿಡದ್ದೇ ಅಡುಗೆ, ಜೊತೆಗೆ ಅವರದೇ ಜೇನು. ಕೋಳಿ ನೀರಿನ ಭಯವೇ ಇಲ್ಲ. ಸುದ್ದಿಯಲ್ಲಿ ಬಂದ ದರ ಮಧ್ಯಾಹ್ನಕ್ಕೆ 260 ಯೂರೋ, ರಾತ್ರಿಗೆ 420. ಯೂರೋಗೆ ನೂರು ರೂಪಾಯಿ ಹಿಡಿದರೆ ಮಧ್ಯಾಹ್ನದ ಊಟ ನಿಮ್ಮ ಲೆಕ್ಕದೊಳಗೇ ಕೂರುತ್ತದೆ. ಶನಿವಾರ, ಭಾನುವಾರ ಬಾಗಿಲು ಹಾಕಿರುತ್ತದೆ, ನೆನಪಿರಲಿ.

ಅಪ್ಪನಿಗೆ ಇನ್ನೊಂದು ಹೇಳಿ. ಆ ಅಡುಗೆಮನೆಗಳು ನಡೆಯುವ ಕ್ರಮವನ್ನು ಗಟ್ಟಿ ಮಾಡಿದವರು ಎಸ್ಕೊಫಿಯೆ, ಸೇನೆಯಲ್ಲಿ ಅಡುಗೆ ಮಾಡಿ ಬಂದವರು. ಸಾಸ್‌ಗೆ ಒಬ್ಬ, ತಣ್ಣನೆಯ ತಿಂಡಿಗೆ ಒಬ್ಬ, ಸಿಹಿಗೆ ಒಬ್ಬ, ಎಲ್ಲರ ಮೇಲೆ ಒಬ್ಬ ಮುಖ್ಯಸ್ಥ. ನಿಮ್ಮಪ್ಪನ ತಂಡದಲ್ಲೂ ಹಾಗೇ ಅಲ್ವಾ? ಹೆಚ್ಚುವವರು ಬೇರೆ, ಸಿಹಿ ಮಾಡುವವರು ಬೇರೆ, ಒಲೆ ಮುಂದೆ ನಿಲ್ಲುವವರು ಬೇರೆ.

ಟುಲೂಸ್_ಗೌಡ

ನಾನು ಮಾಂಸ ತಿನ್ನುವವನು. ಆದರೂ ಫ್ರಾನ್ಸ್‌ನಲ್ಲಿ ನನಗೆ ಮರೆಯಲಾಗದ ತಟ್ಟೆ ತರಕಾರಿಯದೇ. ಓಬ್ರಾಕ್ ಬೆಟ್ಟದ ಮೇಲೆ ಲಾಗಿಯೋಲ್ ಅಂತ ಊರು. ಅಲ್ಲಿನ ಬ್ರಾಸ್ ಕುಟುಂಬದ ಹೋಟೆಲ್‌ನ ಗಾರ್ಗುಯು. ಮೂಲದಲ್ಲಿ ಅದು ಆಲೂಗಡ್ಡೆ, ಹ್ಯಾಮ್ (ಹಂದಿ ಮಾಂಸ) ಹಾಕಿದ ಹಳ್ಳಿ ಅಡುಗೆ. ಮಿಷೆಲ್ ಬ್ರಾಸ್ ಅದನ್ನು ಹತ್ತಾರು ಬಗೆ ತರಕಾರಿ, ಸೊಪ್ಪು, ಹೂವು, ಬೀಜದ ತಟ್ಟೆಯಾಗಿ ಮಾಡಿದರು. ಒಂದೊಂದು ತರಕಾರಿಯನ್ನೂ ಬೇರೆ ಬೇರೆಯಾಗಿ ಬೇಯಿಸಿರುತ್ತಾರೆ. ಮಳೆ ನಿಂತ ಮೇಲೆ ಹಿತ್ತಿಲಿಗೆ ಇಳಿದ ಹಾಗಿತ್ತು. ನೀವು ಹೋದರೆ ಹ್ಯಾಮ್ ಇದೆಯಾ ಅಂತ ಕೇಳಲೇಬೇಕು.

ಅವರ ಮಗ ಸೆಬಾಸ್ತಿಯನ್ 2017ರಲ್ಲಿ ನಮ್ಮನ್ನು ಗೈಡ್‌ನಿಂದ ತೆಗೆದುಬಿಡಿ ಅಂತ ಮಿಷಲಿನ್‌ಗೆ ಕೇಳಿಕೊಂಡರು. ಮೂರು ಸ್ಟಾರ್ ಇತ್ತು. ಯಾವ ತಟ್ಟೆಯನ್ನು ಯಾವತ್ತು ಯಾರು ಪರೀಕ್ಷೆ ಮಾಡುತ್ತಾರೋ ಅನ್ನುವ ಒತ್ತಡ ಸಾಕು ಅಂದರು. 2018ರ ಪುಸ್ತಕದಲ್ಲಿ ಹೆಸರಿರಲಿಲ್ಲ. 2019ರಲ್ಲಿ ಗೈಡ್‌ನವರೇ ಮತ್ತೆ ಎರಡು ಸ್ಟಾರ್ ಕೊಟ್ಟು ಸೇರಿಸಿದರು. ಸ್ಟಾರ್ ಬೇಡ ಅಂದವರ ಅಡುಗೆ ಒಂದು ಗುಲಗಂಜಿಯಷ್ಟೂ ಕೆಡಲಿಲ್ಲ.

ನಿಮ್ಮ ದಾರಿಗೆ ಲಾಗಿಯೋಲ್ ತುಂಬಾ ದೂರ. ಹಾಗಾಗಿ ಲಾರ್ಪೆಜ್‌ಗೆ ನನ್ನ ಓಟು. ಬುಕಿಂಗ್‌ನಲ್ಲಿ ಒಂದು ಎಚ್ಚರಿಕೆ. ಈಗ ದೊಡ್ಡ ಹೋಟೆಲ್‌ಗಳು ಕಾರ್ಡ್ ನಂಬರ್ ತಗೊಳ್ಳುತ್ತವೆ. ಹೋದ ವರ್ಷ ನನ್ನ ರೈಲು ಎರಡು ಗಂಟೆ ತಡವಾಯಿತು, ಊಟ ತಪ್ಪಿತು. ಫೋನ್ ಮಾಡಿ ಹೇಳಿದರೂ ತಲೆಗೆ 150 ಯೂರೋ ಕತ್ತರಿಸಿದರು. ಊರಿಂದ ಊರಿಗೆ ಹೋಗುವ ದಿನ ಈ ಊಟ ಇಟ್ಟುಕೊಳ್ಳಬೇಡಿ. ಬಂದಿಳಿದ ಮಾರನೇ ದಿನವೂ ಬೇಡ. ನಿದ್ದೆಗಣ್ಣಲ್ಲಿ ಮೂರು ಗಂಟೆ ಕೂರುವುದು ಹಿರಿಯರಿಗೆ ಹಿಂಸೆ.

ಶಿವಮೊಗ್ಗದ_ಮಗಳು

ಎಲ್ಲರ ಮಾತೂ ಅಪ್ಪನಿಗೆ ಓದಿ ಹೇಳಿದೆ. ಮೂಳೆ ರಸದ ವಿಷಯ ಕೇಳಿ ಅಮ್ಮ ಹಿಂದೇಟು ಹಾಕಿದರು. ಅಪ್ಪ ಮಾತ್ರ ತರಕಾರಿ ತೋಟದ ವಿಷಯಕ್ಕೆ ಕಿವಿ ನೆಟ್ಟಗೆ ಮಾಡಿದರು. ‘ಅವರು ಬೆಳಿಗ್ಗೆ ಕಿತ್ತಿದ್ದನ್ನು ಮಧ್ಯಾಹ್ನಕ್ಕೆ ಮಾಡ್ತಾರಾ?’ ಅಂತ ಕೇಳಿದರು.

ಇನ್ನೂ ಕೆಲವು ಸಣ್ಣ ಪ್ರಶ್ನೆ. ಅಮ್ಮ ಸೀರೆಯಲ್ಲೇ ಬರುತ್ತಾರೆ, ಪರವಾಗಿಲ್ವಾ? ಅಪ್ಪ ಕೋಟು ಹಾಕುವವರಲ್ಲ. ವೈನ್ ಬೇಡ ಅಂದರೆ ಮುಖ ಸಿಂಡರಿಸುತ್ತಾರಾ? ಟಿಪ್ಸ್ ಎಷ್ಟು? ಚಾಕು, ಮುಳ್ಳುಚಮಚದ ಸಾಲು ನೋಡಿ ಅವರು ಗಾಬರಿಯಾಗಬಾರದು, ಅದೇ ನನ್ನ ಚಿಂತೆ.

ಕಾಫಿತೋಟ

ನಾನು ಅತ್ತೆಯನ್ನು ಕರೆದುಕೊಂಡು ಪ್ಯಾರಿಸ್‌ನ ಎರಡು ಸ್ಟಾರ್ ಹೋಟೆಲ್‌ಗೆ ಹೋಗಿದ್ದೆ. ಅವರಿಗೆ 71. ಮೈಸೂರು ರೇಷ್ಮೆ ಸೀರೆ ಉಟ್ಟಿದ್ದರು. ಬಾಗಿಲಲ್ಲಿ ನಿಂತಿದ್ದ ಹೆಂಗಸು ಆ ಸೆರಗನ್ನು ನೋಡಿ ಮಾತಾಡಿಸಿದ ರೀತಿ ಇನ್ನೂ ನೆನಪಿದೆ. ಸೀರೆಗೆ ಯೋಚನೆ ಬೇಡ. ನಿಮ್ಮ ತಂದೆಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಪ್ಯಾಂಟು, ಶೂ ಸಾಕು.

ಕೂತ ಕೂಡಲೇ ಶಾಂಪೇನ್ ಗಾಡಿ ತಳ್ಳಿಕೊಂಡು ಬರುತ್ತಾರೆ. ಅದು ಸ್ವಾಗತಕ್ಕೆ ಕೊಡುವುದಲ್ಲ, ಬಿಲ್‌ಗೆ ಸೇರುತ್ತದೆ. ‘ನೋ ಮೆರ್ಸಿ’ ಅಂದರೆ ನಗುತ್ತಲೇ ಹೋಗುತ್ತಾರೆ. ನೀರಿಗೆ ‘ಯೂನ್ ಕರಾಫ್ ದೋ’ ಅನ್ನಿ. ಅದು ನಲ್ಲಿ ನೀರು, ಇಲ್ಲಿ ಕುಡಿಯಲು ಚೆನ್ನಾಗಿರುತ್ತದೆ. ಕೇಳಿದರೆ ಪುಕ್ಕಟೆ ಕೊಡಲೇಬೇಕು ಅಂತ ಕಾನೂನಿದೆ. ಸುಮ್ನೆ ‘ವಾಟರ್’ ಅಂದರೆ ಬಾಟಲಿ ಬರುತ್ತದೆ. ಟಿಪ್ಸ್ ಕಡ್ಡಾಯ ಅಲ್ಲ. ಸರ್ವಿಸ್ ದರದಲ್ಲೇ ಸೇರಿರುತ್ತದೆ. ಮನಸ್ಸಿಗೆ ಹಿಡಿಸಿದರೆ ಹತ್ತಿಪ್ಪತ್ತು ಯೂರೋ ಇಟ್ಟು ಬನ್ನಿ.

ಚಾಕು, ಮುಳ್ಳುಚಮಚಕ್ಕೆ ಹೆದರಬೇಡಿ. ಒಂದೊಂದು ತಟ್ಟೆಗೂ ಅದಕ್ಕೆ ಬೇಕಾದ್ದನ್ನು ಅವರೇ ಬದಲಾಯಿಸುತ್ತಾರೆ. ಅತ್ತೆ ಒಂದೆರಡು ತಿನಿಸನ್ನು ಕೈಯಲ್ಲೇ ತಿಂದರು. ಪಕ್ಕದವರು ತಿರುಗಿಯೂ ನೋಡಲಿಲ್ಲ.

ಅಮ್ಮನ ಶುಗರ್ ವಿಷಯ ಹುಷಾರು. ಒಂದು ತಟ್ಟೆಗೂ ಇನ್ನೊಂದಕ್ಕೂ ನಡುವೆ ಕಾಲು ಗಂಟೆ, ಇಪ್ಪತ್ತು ನಿಮಿಷ ಹೋಗುತ್ತದೆ. ಮಾತ್ರೆಯ ಹೊತ್ತು ಡಾಕ್ಟರ್ ಹತ್ತಿರ ಮೊದಲೇ ಕೇಳಿಕೊಳ್ಳಿ. ಬ್ರೆಡ್ ಕೂತ ತಕ್ಷಣ ಬೇಕು ಅಂತ ಇಮೇಲ್‌ನಲ್ಲೇ ಬರೆಯಿರಿ. ನಾನು ಹಾಗೇ ಬರೆದಿದ್ದೆ, ಮರೆಯದೆ ತಂದಿಟ್ಟರು.

ದಕ್ಷಿಣಪಥ

ಪೂರ್ತಿ ಗಿಡದ್ದೇ ಅಡುಗೆ ಅಂದರೆ ನನ್ನ ಅರ್ಧ ಆಕ್ಷೇಪ ಹೋಯಿತು. ಇನ್ನರ್ಧ ದುಡ್ಡಿನದು. ಪ್ಯಾರಿಸ್‌ನಲ್ಲೇ 1896ರಿಂದ ನಡೆಯುತ್ತಿರುವ ಬುಯೋಂ ಶಾರ್ತಿಯೆ ಅನ್ನುವ ಊಟದ ಮನೆ ಇದೆ. ಕೆಲಸಗಾರರಿಗೆ ಕಡಿಮೆ ದುಡ್ಡಿಗೆ ಬಿಸಿ ಊಟ ಕೊಡಲು ಶುರುವಾದದ್ದು. ಬಿಲ್ಲನ್ನು ಟೇಬಲ್ ಮೇಲಿನ ಕಾಗದದಲ್ಲೇ ಬರೆದು ಕೂಡಿಸುತ್ತಾರೆ. ಅಷ್ಟು ದೊಡ್ಡ ಪಂಕ್ತಿ ಎಷ್ಟು ಬೇಗ ಏಳುತ್ತದೆ, ಎಷ್ಟು ಬೇಗ ಕೂರುತ್ತದೆ ಅಂತ ಮದುವೆ ಅಡುಗೆಯವರು ನೋಡಬೇಕು. ಒಂದು ಬೀಟ್ರೂಟಿಗೆ ಇಷ್ಟೊಂದು ದುಡ್ಡು ಯಾಕೆ ಅನ್ನುವುದು ನನಗೆ ಇನ್ನೂ ಅರ್ಥವಾಗಿಲ್ಲ.

ಹೋಟೆಲ್_ಮನುಷ್ಯ

ಶಾರ್ತಿಯೆ ಒಳ್ಳೆಯ ಮಾತು. ಊಟಕ್ಕೆ ಅಲ್ಲದಿದ್ದರೂ ನೋಡಲು ಹೋಗಲಿ.

ದುಡ್ಡಿನ ವಿಷಯ ಹೀಗೆ ಸರ್. ಅಂಥ ಕಡೆ ಒಂದು ಹೊತ್ತಿಗೆ ಒಂದೇ ಪಂಕ್ತಿ. ನೀವು ಕೂತ ಟೇಬಲ್ ಆ ಮಧ್ಯಾಹ್ನ ಪೂರ್ತಿ ನಿಮ್ಮದು. ಬೀಟ್ರೂಟ್ ಬೆಳೆಯುವವರಿಂದ ಹಿಡಿದು ತಟ್ಟೆ ಒರೆಸುವವರವರೆಗೆ ಎಲ್ಲರ ಸಂಬಳ ಆ ಕೆಲವೇ ಟೇಬಲ್‌ಗಳಿಂದ ಬರಬೇಕು. ಹಾಗಂತ ದುಬಾರಿ ಅಲ್ಲ ಅಂತ ನಾನು ಹೇಳುವುದಿಲ್ಲ. ದುಬಾರಿಯೇ. ದಿನಾ ಹೋಗುವ ಜಾಗ ಅಲ್ಲ. ಜೀವಮಾನದಲ್ಲಿ ಒಂದು ಸಲ ಅಂತ ಹೊರಟವರಿಗೆ ಬೇಡ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಶಿವಮೊಗ್ಗದ_ಮಗಳು (ಆಗಸ್ಟ್ 21)

ಮಂಗಳವಾರ ಮಧ್ಯಾಹ್ನಕ್ಕೆ ಸಿಕ್ಕಿತು! ಇಮೇಲ್‌ನಲ್ಲಿ ಎಲ್ಲ ಬರೆದೆ, ಅಮ್ಮನ ಬ್ರೆಡ್ ವಿಷಯವನ್ನೂ. ಮಾರನೇ ದಿನವೇ ಉತ್ತರ ಬಂತು. ಅಪ್ಪನ ಕೆಲಸದ ಬಗ್ಗೆಯೂ ಒಂದು ಸಾಲು ಬರೆದಿದ್ದೆ.

ಲಿಯೋನ್_ವಾಸಿ

ಒಳ್ಳೆಯದು ಮಾಡಿದಿರಿ. ಲಿಯೋನ್‌ಗೆ ಬಂದಾಗ ಮನೆಗೆ ಬನ್ನಿ, ಅನ್ನ ಸಾರು ನನ್ನದು. ನಾಲ್ಕು ದಿನ ಬ್ರೆಡ್ ತಿಂದ ಮೇಲೆ ಬೇಕಾಗುತ್ತದೆ.

ಶಿವಮೊಗ್ಗದ_ಮಗಳು (ಅಕ್ಟೋಬರ್ 9)

ವಾಪಸ್ ಬಂದು ಒಂದು ವಾರವಾಯಿತು. ಎಲ್ಲರೂ ಕೇಳುತ್ತಿದ್ದಿರಿ, ಉದ್ದವಾಗಿಯೇ ಬರೆಯುತ್ತೇನೆ.

ಹನ್ನೆರಡೂವರೆಗೆ ಹೋದೆವು. ಹೊರಗಿಂದ ನೋಡಿದರೆ ದೊಡ್ಡ ಹೋಟೆಲ್ ಅಂತ ಗೊತ್ತೇ ಆಗುವುದಿಲ್ಲ. ಒಳಗೆ ಮರದ ಗೋಡೆ, ಚಿಕ್ಕ ಕೋಣೆ. ಟೇಬಲ್ ಮೇಲೆ ಹೂವಿನ ಬದಲು ತರಕಾರಿ ಇಟ್ಟಿದ್ದರು. ಗೋಡೆಯಲ್ಲಿ ಒಬ್ಬ ಮುದುಕಿಯ ಪಟ. ಯಾರು ಅಂತ ಅಪ್ಪ ಕೇಳಿದರು. ಪಸಾರ್ ಅವರ ಅಜ್ಜಿಯಂತೆ, ಒಳ್ಳೆಯ ಅಡುಗೆಯವರಂತೆ. ಅಪ್ಪ ಆ ಪಟವನ್ನು ತುಂಬಾ ಹೊತ್ತು ನೋಡಿದರು. ‘ನಮ್ಮ ಹೋಟೆಲ್‌ಗಳಲ್ಲಿ ದೇವರ ಪಟ ಹಾಕೋ ಜಾಗ ಅದು’ ಅಂದರು.

ಬ್ರೆಡ್ ಕೂತ ತಕ್ಷಣ ಬಂತು. ಅಮ್ಮನ ಮುಂದೆಯೇ ಇಟ್ಟರು. ಬೆಣ್ಣೆ ಇರಲಿಲ್ಲ. ಅಪ್ಪನಿಗೆ ಅದೊಂದು ಕೊರತೆ ಅನ್ನಿಸಿತು. ‘ಇಷ್ಟು ಒಳ್ಳೆ ರೊಟ್ಟಿಗೆ ಬೆಣ್ಣೆ ಬೇಡ ಅಂತ ಯಾಕೆ ಅಂದರೋ’ ಅಂತ ಎರಡು ಸಲ ಹೇಳಿದರು. ನನಗೂ ಹಾಗೇ ಅನ್ನಿಸಿತು.

ಮೊದಲು ಬೆರಳ ತುದಿಯಷ್ಟು ಪುಟ್ಟ ಟಾರ್ಟ್‌ಗಳು. ಆಮೇಲೆ ತಿಳಿಯಾದ ಸಾರು, ಅದರಲ್ಲಿ ಚಿಕ್ಕ ಚಿಕ್ಕ ರವಿಯೋಲಿ (ಹೂರಣ ತುಂಬಿದ ಪಾಸ್ತಾ). ಅಪ್ಪ ಒಂದು ಚಮಚ ಕುಡಿದು ಚಮಚ ಕೆಳಗಿಟ್ಟರು. ದಕ್ಷಿಣಪಥ ಸರ್ ಬರೆದದ್ದು ನೆನಪಾಗಿ ನನ್ನ ಎದೆ ಧಸಕ್ಕೆಂದಿತು. ಅಪ್ಪ ಹೇಳಿದ್ದು ಇಷ್ಟು: ‘ಬೇಳೆ ಇಲ್ಲ, ಹುಳಿ ಇಲ್ಲ, ಒಗ್ಗರಣೆ ಇಲ್ಲ. ಆದರೂ ತಿಳಿಸಾರಿಗೆ ಮೈ ಹೇಗೆ ಬಂತು?’ ನಾನು ಬಡಿಸುವವರಿಗೆ ಕೇಳಿದೆ. ಬರೀ ತರಕಾರಿಯೇ, ಸಣ್ಣ ಉರಿಯಲ್ಲಿ ತುಂಬಾ ಹೊತ್ತು ಇಟ್ಟು ಬಸಿದದ್ದು ಅಂದರು. ಅಪ್ಪ ಕಡೇ ಹನಿಯವರೆಗೂ ಕುಡಿದರು.

ಬೀಟ್ರೂಟ್ ವಿಷಯ ಹೇಳಲೇಬೇಕು. ಒಂದು ತಟ್ಟೆಯಲ್ಲಿ ಬೂದು ಬಣ್ಣದ ಗುಡ್ಡೆ ತಂದು ತೋರಿಸಿದರು. ಗೆರಾಂದ್ ಕಡೆಯ ಸಮುದ್ರದ ಉಪ್ಪಂತೆ. ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಪ್ಪ ಕೈ ಚಾಚಿ, ತೆಂಗಿನಕಾಯಿ ನೋಡುವ ಹಾಗೆ ಬೆರಳಲ್ಲಿ ತಟ್ಟಿ ಕಿವಿಗೊಟ್ಟರು. ಬಡಿಸುವ ಹುಡುಗ ಬೇಡ ಅನ್ನಲಿಲ್ಲ, ಖುಷಿಯಿಂದ ಇನ್ನೂ ಹತ್ತಿರ ಹಿಡಿದ. ಆಮೇಲೆ ಒಡೆದ. ಒಳಗಿಂದ ಮಣ್ಣಿನ ವಾಸನೆ, ಮೊದಲ ಮಳೆ ಬಿದ್ದಾಗ ಬರುತ್ತದಲ್ಲ, ಅಂಥದ್ದು. ಸಿಪ್ಪೆ ಬಿಡಿಸಿ ಬರೀ ಬೀಟ್ರೂಟ್ ಹೋಳು ಕೊಟ್ಟರು. ಉಪ್ಪು ಒಳಗೆ ಹೋಗಿರಲಿಲ್ಲ, ಹದವಾಗಿ ತಾಗಿತ್ತು ಅಷ್ಟೇ. ಕೆಂಡದಲ್ಲಿ ಬದನೆಕಾಯಿ ಸುಟ್ಟ ಹಾಗೇ ಇದೂ, ತನ್ನ ನೀರಲ್ಲೇ ತಾನು ಬೆಂದಿದೆ ಅಂದರು ಅಪ್ಪ.

ಎಲ್ಲವೂ ಹಿಡಿಸಿತು ಅಂತಲ್ಲ. ಹಣ್ಣು, ತರಕಾರಿ ಸೇರಿಸಿದ ಒಂದು ತಟ್ಟೆ ಅಮ್ಮನಿಗೆ ಸಿಹಿಯೋ ಖಾರವೋ ಗೊತ್ತಾಗಲಿಲ್ಲ, ಅರ್ಧ ಬಿಟ್ಟರು. ಬಿಟ್ಟದ್ದನ್ನು ನೋಡಿ ಏನಾದರೂ ತಪ್ಪಾಯಿತಾ ಅಂತ ಬಂದು ಕೇಳಿದರು. ಒಟ್ಟು ಮೂರು ಗಂಟೆ ಇಪ್ಪತ್ತು ನಿಮಿಷ. ಕೊನೆಗೆ ಅಮ್ಮನಿಗೆ ಬೆನ್ನು ನೋವು ಬಂತು. ನೀರು, ಕೊನೆಯ ಗಿಡಮೂಲಿಕೆ ಕಷಾಯ ಸೇರಿ ಬಿಲ್ 800 ಯೂರೋ ದಾಟಿತು.

ನನಗೆ ಉಳಿದದ್ದು ಬೇರೆ. ಮೂವರ ತಟ್ಟೆಯನ್ನೂ ಒಟ್ಟಿಗೆ, ಒಂದೇ ಕ್ಷಣಕ್ಕೆ ಇಡುತ್ತಿದ್ದರು. ತಟ್ಟೆ ಖಾಲಿಯಾದಾಗಲೆಲ್ಲ ಅಪ್ಪ ಎತ್ತಿಕೊಡಲು ಕುರ್ಚಿಯಿಂದ ಅರ್ಧ ಏಳುತ್ತಿದ್ದರು. ಮೊದಲ ಮೂರು ಸಲ ನಾನು ಕೈ ಹಿಡಿದು ಕೂರಿಸಿದೆ. ನಾಲ್ಕನೇ ತಟ್ಟೆಗೆ ಏಳಲಿಲ್ಲ. ಬೆನ್ನು ಹಿಂದಕ್ಕೆ ಒರಗಿಸಿ, ಎರಡೂ ಕೈ ತೊಡೆ ಮೇಲಿಟ್ಟು, ಕಿಟಕಿ ನೋಡುತ್ತಾ ಕೂತರು. ಅವರು ಹಾಗೆ ಕೂತದ್ದನ್ನು ನಾನು ನೋಡಿದ್ದೇ ಇಲ್ಲ.

ಲಿಯೋನ್_ವಾಸಿ ಅಕ್ಕನ ಮನೆಯ ಅನ್ನ, ಸಾರಿಗೆ ಏನು ಹೇಳಲಿ? ಅಪ್ಪ ಅವರ ಅಡುಗೆಮನೆಗೇ ನುಗ್ಗಿ ಒಗ್ಗರಣೆ ಹಾಕಿ ಬಂದರು.

ಲಿಯೋನ್_ವಾಸಿ

ಆ ಒಗ್ಗರಣೆ ವಾಸನೆಗೆ ಎದುರು ಮನೆಯವರು ಬಾಗಿಲು ತಟ್ಟಿ ಏನು ಅಡುಗೆ ಅಂತ ಕೇಳಿದರು!

ದಕ್ಷಿಣಪಥ

ಓದಿ ಕಣ್ಣು ತುಂಬಿತು. ಬೇಡ ಅಂದಿದ್ದು ನಾನೇ. ನೀವು ಹೋಗಿದ್ದು ಒಳ್ಳೆಯದಾಯಿತು. ಹೆಂಡತಿಗೂ ಓದಿ ಹೇಳಿದೆ. ಆ ಇಮೇಲ್ ಹೇಗೆ ಬರೆದಿರಿ ಅಂತ ಕೇಳುತ್ತಿದ್ದಾಳೆ. ಇಲ್ಲಿ ಹಾಕುತ್ತೀರಾ?

ಶಿವಮೊಗ್ಗದ_ಮಗಳು

ಖಂಡಿತ, ಸಂಜೆ ಹಾಕುತ್ತೇನೆ. ಫ್ರೆಂಚ್ ತಿದ್ದಿಕೊಟ್ಟದ್ದು ಲಿಯೋನ್_ವಾಸಿ ಅಕ್ಕ.

ಹೋಟೆಲ್_ಮನುಷ್ಯ

ಒಂದೇ ಪ್ರಶ್ನೆ. ನಿಮ್ಮ ತಂದೆ ಮನೆಯಲ್ಲಿ ಆ ಬೀಟ್ರೂಟ್ ಮಾಡಿ ನೋಡಿದರಾ? ಅವರು ಸುಮ್ನೆ ಇರುವವರಲ್ಲ ಅನ್ನಿಸುತ್ತಿದೆ.

ಶಿವಮೊಗ್ಗದ_ಮಗಳು

ಬಂದ ಮೂರನೇ ದಿನವೇ ಮಾಡಿದರು ಸರ್! ಎರಡು ಕೆಜಿ ಕಲ್ಲುಪ್ಪು ತರಿಸಿ, ಬೀಟ್ರೂಟ್ ಮುಚ್ಚಿ ಓವನ್‌ನಲ್ಲಿ ಇಟ್ಟರು. ಉಪ್ಪು ಗಟ್ಟಿಯಾಗಲೇ ಇಲ್ಲ, ಪುಡಿಪುಡಿಯಾಗಿ ಉದುರಿತು. ಬೀಟ್ರೂಟ್ ಸುಕ್ಕುಗಟ್ಟಿತು.

ಹೋಟೆಲ್_ಮನುಷ್ಯ

ಗೆರಾಂದ್ ಉಪ್ಪಿನಲ್ಲಿ ನೀರಿನಂಶ ಇರುತ್ತದೆ, ಮುಟ್ಟಿದರೆ ಒದ್ದೆ ಅನ್ನಿಸುತ್ತದೆ. ಕಾದಾಗ ಅದೇ ಚಿಪ್ಪು ಕಟ್ಟಿ ಹಬೆಯನ್ನು ಒಳಗೆ ಹಿಡಿಯುತ್ತದೆ. ನಮ್ಮ ಅಂಗಡಿಯ ಕಲ್ಲುಪ್ಪು ಒಣಗಿರುತ್ತದೆ. ಸ್ವಲ್ಪ ಕುಟ್ಟಿ, ನೀರು ಚಿಮುಕಿಸಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವ ಹಾಗೆ ಕಲಸಲು ಹೇಳಿ.

ಶಿವಮೊಗ್ಗದ_ಮಗಳು

ಹೇಳಿದೆ. ‘ತಂಬಿಟ್ಟಿನ ಹದ’ ಅಂದರು. ಭಾನುವಾರ ಮತ್ತೆ ಮಾಡುತ್ತಾರಂತೆ. ಈ ಸಲ ಬೆಣ್ಣೆ ಇರಲಿ ಅಂತ ಈಗಲೇ ಹಾಲಿನ ಕೆನೆ ಎತ್ತಿಡುತ್ತಿದ್ದಾರೆ.